ಕಂಪನಿಯವರು ಬಿಟ್ಟ ಲ್ಯಾಪ್‌ಟಾಪ್, ಅಂಗಡಿಯವನು ಕೊಟ್ಟ ಬ್ಯಾಟರಿ

ನಮಸ್ಕಾರ. ಹಿಂದೆ ಕೇಳಿಸುತ್ತಿರುವುದು ಮಳೆ, ಮೈಕಿನ ದೋಷವಲ್ಲ. ಶಿವಮೊಗ್ಗದಲ್ಲಿ ಜುಲೈ ತಿಂಗಳ ಮಳೆ ನಿಲ್ಲಲಿ ಎಂದು ಕಾದು ಕುಳಿತರೆ ಈ ವಿಡಿಯೊ ನವರಾತ್ರಿಗೇ ಬರಬೇಕು. ಕ್ಯಾಮೆರಾ ಹಿಡಿದಿರುವವನು ನನ್ನ ಅಕ್ಕನ ಮಗ. ಕೈ ಸ್ವಲ್ಪ ನಡುಗುತ್ತದೆ, ಹೊಂದಿಕೊಳ್ಳಿ. ಮೇಜಿನ ಮೇಲಿರುವುದು ಲೆನೊವೊ ಕಂಪನಿಯ ಲ್ಯಾಪ್‌ಟಾಪ್, ಥಿಂಕ್‌ಪ್ಯಾಡ್ ಎಕ್ಸ್230. 2012ರ ಮಾದರಿ. ಹನ್ನೆರಡೂವರೆ ಇಂಚಿನ ಪರದೆ, ಸುಮಾರು ಒಂದೂವರೆ ಕೆಜಿ ತೂಕ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತೆಗೆದುಕೊಂಡ ಬಳಸಿದ ಮಾಲು. ಯಾವುದೋ ಕಂಪನಿ ತನ್ನ ನೌಕರರಿಗೆ ಕೊಟ್ಟು, ಕೆಲವು ವರ್ಷ ದುಡಿಸಿಕೊಂಡು, ರಾಶಿಯಾಗಿ ಮಾರಿದ್ದು. ಅಡಿಯಲ್ಲಿ ಆ ಕಂಪನಿಯ ಆಸ್ತಿ ಸಂಖ್ಯೆಯ ಚೀಟಿಯ ಅಂಟು ಇನ್ನೂ ಉಳಿದಿದೆ. ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗಲಿಲ್ಲ.

ಇಲ್ಲಿ ತಿರುಪು ಬಿಚ್ಚುವುದನ್ನು ವೇಗವಾಗಿ ಓಡಿಸಿದ್ದೇನೆ. ಒಂದು ಕಡೆ ಮಾತ್ರ ನಿಲ್ಲಿಸುತ್ತೇನೆ, ನೋಡಿ: ತಿರುಪಿನ ಪಕ್ಕದಲ್ಲಿ ಪುಟ್ಟ ಚಿತ್ರ. ಕೀಲಿಮಣೆಯನ್ನು ಹಿಡಿದಿರುವ ತಿರುಪುಗಳಿಗೆ ಕೀಲಿಮಣೆಯದೇ ಗುರುತು. ಯಾವುದನ್ನು ಬಿಚ್ಚಿದರೆ ಯಾವುದು ಕಳಚಿಕೊಳ್ಳುತ್ತದೆ ಎಂದು ಯಂತ್ರವೇ ಹೇಳುತ್ತದೆ. ರ‍್ಯಾಮ್‌ಗೆ ಎರಡು ಗೂಡುಗಳು, ಒಟ್ಟು 16 ಜಿಬಿ ತನಕ ಹಾಕಬಹುದು. ಡಿಸ್ಕನ್ನು ಪಕ್ಕದ ಮುಚ್ಚಳ ತೆಗೆದು ಎಳೆದರೆ ಬಂತು. ಕೀಲಿಮಣೆಯ ಮೇಲೆ ಕಾಫಿ ಚೆಲ್ಲಿದರೆ ಹರಿದು ಹೋಗಲು ಅಡಿಯಲ್ಲಿ ತೂತುಗಳಿವೆ.

ಇಷ್ಟೆಲ್ಲ ಅನುಕೂಲ ನಮ್ಮ ಮೇಲಿನ ಪ್ರೀತಿಯಿಂದ ಮಾಡಿದ್ದಲ್ಲ. ಇಂತಹ ಲ್ಯಾಪ್‌ಟಾಪುಗಳಿಗೆ ದುಡ್ಡು ಕೊಡುವವರು ಒಬ್ಬರು, ಮುಂದೆ ಕೂತು ದುಡಿಯುವವರು ಇನ್ನೊಬ್ಬರು. ಸಾವಿರ ಯಂತ್ರ ಕೊಳ್ಳುವ ಕಂಪನಿಗೆ ರಿಪೇರಿ ಬೇಗ ಮುಗಿಯಬೇಕು, ಆದ್ದರಿಂದ ಒಳಭಾಗವೆಲ್ಲ ಕೈಗೆ ಎಟುಕುವಂತಿದೆ. ಸಭೆಯ ಕೋಣೆಯ ಪ್ರೊಜೆಕ್ಟರಿಗೆ ಸಿಕ್ಕಿಸಬೇಕು, ಆದ್ದರಿಂದ ವಿಜಿಎ ಕಿಂಡಿ ಇದೆ. ಆದರೆ ಪರದೆ? ಪರದೆಯನ್ನು ದಿನವಿಡೀ ನೋಡುವವನು ಖರೀದಿ ಪತ್ರಕ್ಕೆ ಸಹಿ ಹಾಕುವುದಿಲ್ಲವಲ್ಲ. 1366ಕ್ಕೆ 768 ಚುಕ್ಕೆಗಳ ಪರದೆ ಸಾಕು ಎಂದು ಯಾರೋ ತೀರ್ಮಾನಿಸಿದರು. ಯಾವ ಕಡೆಯಿಂದ ನೋಡಿದರೂ ಬಣ್ಣ ಕೆಡದ, ಚೆನ್ನಾದ ಐಪಿಎಸ್ ಪರದೆ ಹೆಚ್ಚಿನ ಬೆಲೆಗೆ ಸಿಗುತ್ತಿತ್ತು. ನನಗೆ ಸಿಕ್ಕಿದ್ದರಲ್ಲಿ ಅದಿಲ್ಲ. ಅಗ್ಗದ ಟಿಎನ್ ಪರದೆ. ಈಗ ಅವನು ಕ್ಯಾಮೆರಾವನ್ನು ಕೆಳಗಿಳಿಸುತ್ತಿದ್ದಾನೆ, ಬಣ್ಣ ಏನಾಗುತ್ತದೆ ನೋಡಿ. ಬಿಳಿ ಹೋಗಿ ಬೂದಿ, ಬೂದಿ ಹೋಗಿ ಕಪ್ಪು.

ಹೊಸ ನೋಡುಗರಿಗೆ ಹೇಳಿಬಿಡುತ್ತೇನೆ, ನಾನು ಪುಸ್ತಕಗಳ ಕರಡು ತಿದ್ದುವವಳು. ಕನ್ನಡಕ್ಕೆ ಈ ಪರದೆ ಇಂಗ್ಲಿಷಿಗಿಂತ ಹೆಚ್ಚು ಕಾಟ ಕೊಡುತ್ತದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ರಾಷ್ಟ್ರ’ ಎಂದು ಬರೆದರೆ ಷಕಾರದ ಕೆಳಗೆ ಟಕಾರ, ಅದಕ್ಕಂಟಿ ರಕಾರ. ಸಾಲುಗಳ ನಡುವೆ ಅಂತರ ಬಿಡಲೇಬೇಕು. 768 ಚುಕ್ಕೆಗಳ ಎತ್ತರದಲ್ಲಿ ಮೇಲಿನ ಪಟ್ಟಿ, ಕೆಳಗಿನ ಪಟ್ಟಿ ಕಳೆದು ಉಳಿಯುವುದು ಅರ್ಧ ಪುಟ. ಅಕ್ಷರ ಚಿಕ್ಕದು ಮಾಡೋಣ ಎಂದರೆ ‘ಅರ್ಥ’ ಮತ್ತು ‘ಅರ್ಧ’ ಒಂದೇ ತರಹ ಕಾಣುತ್ತವೆ. ಹೊಕ್ಕಳು ಸೀಳಿರುವುದು ಕಾಣುತ್ತದೆ, ಥಕಾರದ ಒಳಗಿನ ಚುಕ್ಕೆ ಕಾಣುವುದಿಲ್ಲ. ಕರಡು ತಿದ್ದುವವಳಿಗೆ ಇದಕ್ಕಿಂತ ದೊಡ್ಡ ಶತ್ರು ಬೇಕೆ? ಆದ್ದರಿಂದ ಅಂತಿಮ ಕರಡನ್ನು ಇದರಲ್ಲಿ ಓದುವುದೇ ಇಲ್ಲ. ದೊಡ್ಡ ಮಾನಿಟರಿಗೆ ಸಿಕ್ಕಿಸುತ್ತೇನೆ, ಇಲ್ಲವೇ ಮುದ್ರಿಸಿಕೊಳ್ಳುತ್ತೇನೆ.

ಕೀಲಿಮಣೆಯ ಮಾತು ಬೇರೆ. ಇದರ ಹಿಂದಿನ ಮಾದರಿ ಎಕ್ಸ್220ಯಲ್ಲಿದ್ದ ಏಳು ಸಾಲಿನ ಹಳೆಯ ಕೀಲಿಮಣೆಯನ್ನು ತೆಗೆದು ಇದರಲ್ಲಿ ಆರು ಸಾಲಿನದನ್ನು ಹಾಕಿದರು ಎಂದು ಇಂದಿಗೂ ಎದೆ ಬಡಿದುಕೊಳ್ಳುವವರಿದ್ದಾರೆ. ಹಳೆಯದನ್ನೇ ತಂದು ಇದಕ್ಕೆ ಕೂರಿಸುವವರೂ ಇದ್ದಾರೆ. ನನಗೆ ಅಷ್ಟು ಭಕ್ತಿ ಇಲ್ಲ. ಕೀಲಿ ಒಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಹತ್ತಿರ ತಾ, ಇನ್ನೂ ಹತ್ತಿರ. ಈ ಎಫ್ ಕೀಲಿ ನೋಡಿ. ಉಳಿದವು ಒರಟಾಗಿವೆ, ಇದೊಂದು ಎಣ್ಣೆ ಸವರಿದಂತೆ ಹೊಳೆಯುತ್ತಿದೆ. ಬೆರಳಿಗೆ ಗುರುತು ಸಿಗಲಿ ಎಂದು ಇರುವ ಸಣ್ಣ ಉಬ್ಬೂ ಸವೆದಿದೆ. ಕನ್ನಡ ಬರೆಯಲು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಒತ್ತು ಕೊಡಲು ಎಫ್ ಒತ್ತಬೇಕು. ಕಪ್ಪೆ ಬರೆದರೂ ಎಫ್, ಅಕ್ಷರ ಬರೆದರೂ ಎಫ್. ಈ ಕೀಲಿಮಣೆಯನ್ನು ಇಂಗ್ಲಿಷ್ ಮಾತ್ರ ಬರೆಯುವ ಕಚೇರಿಯಿಂದ ತಂದಾಗ ಹೊಳೆಯುತ್ತಿದ್ದುದು ‘ಇ’ ಕೀಲಿ. ಈಗ ಎಫ್ ಅದನ್ನು ಹಿಂದೆ ಹಾಕಿದೆ.

ಮತ್ತೆ ಮೇಲೆ, ಪರದೆಯ ಅಂಚಿಗೆ ಬನ್ನಿ. ಅಲ್ಲೊಂದು ಪುಟ್ಟ ದೀಪ ಇದೆ. ಥಿಂಕ್‌ಲೈಟ್ ಎನ್ನುತ್ತಾರೆ. ಎಫ್‌ಎನ್ ಜೊತೆಗೆ ಸ್ಪೇಸ್ ಒತ್ತಿದರೆ ಹತ್ತುತ್ತದೆ. ಕೀಲಿಮಣೆಯ ಮೇಲೆ ಬೆಳಕು ಬೀಳಲಿ ಎಂದು ಇಟ್ಟದ್ದು. ಕರೆಂಟು ಹೋದಾಗ ನಾನು ಮುದ್ರಿತ ಕರಡಿನ ಹಾಳೆಯನ್ನು ಕೀಲಿಮಣೆಯ ಮೇಲಿಟ್ಟು ಓದುತ್ತೇನೆ. ಇದರ ಮುಂದಿನ ಮಾದರಿ, 2013ರ ಎಕ್ಸ್240ಯಲ್ಲಿ ಈ ದೀಪವನ್ನು ಕಿತ್ತುಹಾಕಿದರು. ರ‍್ಯಾಮ್‌ನ ಗೂಡನ್ನೂ ಒಂದಕ್ಕೆ ಇಳಿಸಿದರು. ಕೀಲಿಮಣೆಯ ನಡುವೆ ಮೌಸಿನ ಕೆಲಸ ಮಾಡುವ ಕೆಂಪು ಗುಂಡಿಗೆ ಜೊತೆಯಾಗಿ ಕೆಳಗಿದ್ದ ಮೂರು ಬಟನ್‌ಗಳನ್ನೂ ತೆಗೆದರು. ಜನ ಬೈದರು, 2015ರಲ್ಲಿ ಬಟನ್‌ಗಳು ಮಾತ್ರ ವಾಪಸು ಬಂದವು. ದೀಪ ಬರಲಿಲ್ಲ. ದೀಪಕ್ಕಾಗಿ ಬೈಯುವವರು ಕಡಿಮೆ ಇದ್ದರೋ ಏನೋ.

ಸರಿ, ಬ್ಯಾಟರಿಗೆ ಬರೋಣ. ಈ ವಿಡಿಯೊ ಮಾಡಲು ನಿಜವಾದ ಕಾರಣ ಇದೇ.

ಎಕ್ಸ್230ಗೆ ಹಿಂಭಾಗದಿಂದ ಸಿಕ್ಕಿಸುವ ಬ್ಯಾಟರಿ. ಮೂರು ಗಾತ್ರಗಳಲ್ಲಿ ಬರುತ್ತಿತ್ತು: ನಾಲ್ಕು ಸೆಲ್ಲಿನದು, ಆರು ಸೆಲ್ಲಿನದು, ಒಂಬತ್ತು ಸೆಲ್ಲಿನದು. ಆರರದು 63 ವ್ಯಾಟ್-ಗಂಟೆ, ಒಂಬತ್ತರದು 94. ಒಂಬತ್ತರದು ಹಿಂದೆ ಬಾಲದಂತೆ ಚಾಚಿಕೊಳ್ಳುತ್ತದೆ, ಆದರೆ ಬೆಂಗಳೂರಿನ ರೈಲಿನಲ್ಲಿ ಹತ್ತಿ ಕೂತರೆ ದಾರಿಯುದ್ದಕ್ಕೂ ಚಾರ್ಜರಿನ ಹಂಗಿಲ್ಲ. ನನ್ನ ಹಳೆಯದು ಸತ್ತಿತು. ಊರಿನ ಒಂದು ಅಂಗಡಿಯಲ್ಲಿ ಒಂಬತ್ತು ಸೆಲ್ಲಿನದು ಇದೆ ಎಂದರು. 2,400 ರೂಪಾಯಿ. ಹೆಸರು ಹೇಳುವುದಿಲ್ಲ, ಕೇಳಬೇಡಿ. “ಸೀಲ್ ಒಡೆಯದ ಮಾಲು ಮೇಡಂ, ಕಂಪನಿಯದೇ” ಎಂದು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಕೊಟ್ಟರು, ಪ್ರಸಾದ ಕೊಟ್ಟ ಹಾಗೆ.

ಮನೆಗೆ ತಂದು ಹಾಕಿದೆ. ಪರದೆಯ ಮೇಲೆ ಸಂದೇಶ ಬಂತು: ಈ ಬ್ಯಾಟರಿ ಈ ಯಂತ್ರಕ್ಕೆ ಒಪ್ಪಿತವಲ್ಲ, ಚಾರ್ಜ್ ಆಗುವುದಿಲ್ಲ. ಈ ಮಾದರಿಯ ಒಳಗಿನ ನಿಯಂತ್ರಕ ಬ್ಯಾಟರಿಯ ಗುರುತು ಕೇಳುತ್ತದೆ, ಸರಿಯಾದ ಉತ್ತರ ಬಾರದಿದ್ದರೆ ಚಾರ್ಜ್ ಮಾಡಲು ಬಿಡುವುದಿಲ್ಲ. ವೈಫೈ ಕಾರ್ಡಿಗೂ ಇದೇ ತಪಾಸಣೆ. ತಯಾರಕರ ಪಟ್ಟಿಯಲ್ಲಿ ಇಲ್ಲದ ಕಾರ್ಡು ಹಾಕಿದರೆ ಯಂತ್ರ ಮೇಲೇಳುವುದೇ ಇಲ್ಲ. ಎಲ್ಲವನ್ನೂ ಬಿಚ್ಚಲು ಬಿಟ್ಟು, ಹಾಕುವಾಗ ಮಾತ್ರ ಗುರುತಿನ ಚೀಟಿ ಕೇಳುವುದು ಎಂತಹ ನ್ಯಾಯ? ಈ ಒಂದು ವಿಷಯದಲ್ಲಿ ನನಗೆ ಈ ಯಂತ್ರದ ಮೇಲೆ ಸಿಟ್ಟಿದೆ.

ಅಂಗಡಿಗೆ ಫೋನು ಮಾಡಿದೆ. “ನಿಮ್ಮ ಲ್ಯಾಪ್‌ಟಾಪ್ ಹಳೆಯದು ಮೇಡಂ, ಬಯಾಸ್ ಹಾಳಾಗಿದೆ” ಎಂದರು. ಬಯಾಸ್ ಎಂದರೆ ಯಂತ್ರ ಹಚ್ಚಿದಾಗ ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ. ಬ್ಯಾಟರಿಯನ್ನು ಕೈಯಲ್ಲಿ ಹಿಡಿದಿದ್ದೆ. ಏನೋ ಹಗುರ ಅನ್ನಿಸಿತು. ಕೆಳಗಿನ ದಿನಸಿ ಅಂಗಡಿಗೆ ಇಳಿದು ತಕ್ಕಡಿಯ ಮೇಲಿಟ್ಟೆ. ಈ ತುಣುಕನ್ನು ಫೋನಿನಲ್ಲಿ ತೆಗೆದಿದ್ದೇನೆ, ಅಡಿಕೆ ಚೀಲದ ಪಕ್ಕ ಕಾಣುತ್ತಿದೆಯಲ್ಲ, ಅದೇ. 348 ಗ್ರಾಂ. “ಅಕ್ಕ, ಇದಕ್ಕೆ ಕೆಜಿಗೆ ಎಷ್ಟು?” ಎಂದು ಅಂಗಡಿಯ ಹುಡುಗ ಕೇಳಿದ. ಲೆಕ್ಕ ಹಾಕಿದರೆ ಕೆಜಿಗೆ ಏಳು ಸಾವಿರದ ಹತ್ತಿರ ಬಿತ್ತು, ಏಲಕ್ಕಿಯೇ ಅಗ್ಗ.

ಈಗ ನೀವೇ ಲೆಕ್ಕ ನೋಡಿ. ಇದರೊಳಗಿನ ಉರುಟು ಸೆಲ್ಲಿಗೆ 18650 ಎನ್ನುತ್ತಾರೆ. 18 ಮಿಲಿಮೀಟರ್ ಅಗಲ, 65 ಮಿಲಿಮೀಟರ್ ಉದ್ದ. ಒಂದು ಒಳ್ಳೆಯ ಸೆಲ್ಲು 45 ಗ್ರಾಂನ ಆಸುಪಾಸು ತೂಗುತ್ತದೆ. ಒಂಬತ್ತಕ್ಕೆ 405 ಗ್ರಾಂ. ಪ್ಲಾಸ್ಟಿಕ್ ಹೊದಿಕೆ, ಸರ್ಕ್ಯೂಟ್ ಇನ್ನೂ ಸೇರಿಲ್ಲ. ಹೊದಿಕೆ ಸಮೇತ 348 ತೂಗಿದರೆ ಒಳಗೆ ಒಂಬತ್ತು ಇರಲು ಸಾಧ್ಯವೇ ಇಲ್ಲ. ಆರು ಸೆಲ್ಲುಗಳನ್ನು ಒಂಬತ್ತರ ಪೆಟ್ಟಿಗೆಯಲ್ಲಿ ಕೂರಿಸಿದ್ದಾರೆ. ಅಲುಗಾಡಿಸಿದರೆ ಶಬ್ದ ಬರುವುದಿಲ್ಲ, ಖಾಲಿ ಜಾಗಕ್ಕೆ ಏನೋ ತುಂಬಿದ್ದಾರೆ. ಒಡೆದು ತೋರಿಸು ಎಂದು ಕ್ಯಾಮೆರಾ ಹಿಡಿದಿರುವ ಇವನು ಹಟ ಹಿಡಿದ. ಲಿಥಿಯಂ ಸೆಲ್ಲಿಗೆ ಚಾಕು ತಾಗಿದರೆ ಬೆಂಕಿ ಹತ್ತಬಹುದು, ನೋಟಗಳು ಹೆಚ್ಚುತ್ತವೆ ಎಂದು ಮನೆ ಸುಡುವವಳು ನಾನಲ್ಲ.

ತೂಕದ ಚೀಟಿ ಮುದ್ರಿಸಿಕೊಂಡು ಅಂಗಡಿಗೆ ಹೋದೆ. ಮೊದಲು ತಕ್ಕಡಿ ಸರಿಯಿಲ್ಲ ಎಂದರು. ಆಮೇಲೆ ಹೊಸ ಸೆಲ್ಲುಗಳು ಹಗುರ ಎಂದರು. ಆಮೇಲೆ ಚಹಾ ತರಿಸಿದರು. ಚಹಾ ಬಂತೆಂದರೆ ದುಡ್ಡು ಬರುವುದಿಲ್ಲ ಎಂದು ಅರ್ಥ. ಕೊನೆಗೆ 1,500 ವಾಪಸು ಕೊಟ್ಟು, ಉಳಿದದ್ದಕ್ಕೆ ಒಂದು ಮೌಸ್ ಕೊಟ್ಟರು. ಮೌಸ್ ಚೆನ್ನಾಗಿದೆ, ಅದು ಬೇರೆ ವಿಚಾರ. ನನಗೆ ಉರಿಯುವುದು ದುಡ್ಡಿಗಲ್ಲ, “ಹೊಸ ಸೆಲ್ಲುಗಳು ಹಗುರ” ಎಂದು ಕಣ್ಣಿಗೆ ಕಣ್ಣಿಟ್ಟು ಹೇಳಿದ ಆ ಧೈರ್ಯಕ್ಕೆ. ಆರರದು ಆರರದೇ ಎಂದು ಹೇಳಿ ಮಾರಿದ್ದರೆ… ಅಯ್ಯೋ, ದೃಶ್ಯ ಮುಗಿಯುತ್ತಾ ಬಂತು. ಮುಂದೆ.

ಚಾರ್ಜರ್. ದುಂಡು ಮೊನೆಯದು, 20 ವೋಲ್ಟ್. ಟೈಪ್-ಸಿ ಇಲ್ಲವೇ ಇಲ್ಲ, ಫೋನಿನ ಚಾರ್ಜರ್ ಇದಕ್ಕೆ ನಡೆಯುವುದಿಲ್ಲ. ಇಟ್ಟಿಗೆಯಂತಹ ಈ ಚಾರ್ಜರನ್ನು ಜೊತೆಗೆ ಹೊರಲೇಬೇಕು. ಹೀಗೆ ಹೊತ್ತ ಮೇಲೆ ಕಾಂಪ್ಯಾಕ್ಟ್ ಎನ್ನುವ ಮಾತಿಗೆ ಬೆಲೆ ಅರ್ಧ.

ಫ್ಯಾನಿನ ಶಬ್ದ ಈಗ ಕೇಳಿ. ಯೂಟ್ಯೂಬ್ ಹಚ್ಚಿದ್ದೇನೆ. ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್ ಚಿಪ್ಪು ಎಚ್.264 ಎಂಬ ಬಗೆಯ ವಿಡಿಯೊವನ್ನು ತಾನೇ ನಿಭಾಯಿಸುತ್ತದೆ. ಯೂಟ್ಯೂಬ್ ಹೆಚ್ಚಾಗಿ ಕಳಿಸುವ ವಿಪಿ9 ಎಂಬ ಬಗೆ ಅದಕ್ಕೆ ಗೊತ್ತಿಲ್ಲ, ಎಲ್ಲ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ನನ್ನ ವಿಡಿಯೊವನ್ನು ನನ್ನದೇ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಎಡಗೈ ಬೆಚ್ಚಗಾಗುತ್ತದೆ. ಮಳೆಗಾಲಕ್ಕೆ ಅಡ್ಡಿಯಿಲ್ಲ. ಸಂಕಲನವನ್ನಂತೂ ಫೋನಿನಲ್ಲೇ ಮಾಡುವುದು.

ವಿಂಡೋಸ್ ಬಗ್ಗೆ ಕೇಳುವಿರಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ ಎಂಬ ಭದ್ರತಾ ಚಿಪ್ಪಿನ 2.0 ಆವೃತ್ತಿ ಬೇಕು, ಇಂಟೆಲ್ ಆದರೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಇದು 3ನೇ ತಲೆಮಾರಿನದು, ಟಿಪಿಎಂ 1.2. ಹಾಗಾಗಿ ನನ್ನದರಲ್ಲಿ ವಿಂಡೋಸ್ ಬದಲು ಲಿನಕ್ಸ್. ಕೆ.ಪಿ. ರಾವ್ ವಿನ್ಯಾಸ ಅದರಲ್ಲೇ ಬರುತ್ತದೆ, ಬೇರೆ ಹಾಕಬೇಕಿಲ್ಲ. ಪ್ರಕಾಶಕರು ಹಳೆಯ ನುಡಿ ಫಾಂಟಿನ ಕಡತ ಕಳಿಸಿದಾಗ ಯೂನಿಕೋಡಿಗೆ ಪರಿವರ್ತಿಸಿ, ಅರ್ಕಾವತ್ತು ಎಲ್ಲಿ ಹಾರಿಹೋಯಿತು ಎಂದು ಹುಡುಕುತ್ತಾ ಕೂರುತ್ತೇನೆ. ಆ ಪಾಡು ಯಾವ ಲ್ಯಾಪ್‌ಟಾಪಿನಲ್ಲೂ ತಪ್ಪುವುದಿಲ್ಲ.

“ಹಾಗಾದರೆ ನಾನು ಇದನ್ನು ತೆಗೆದುಕೊಳ್ಳಲಾ ಚಿಕ್ಕಮ್ಮ?” ಎಂದು ಕೇಳುತ್ತಿದ್ದಾನೆ. ಬೇಡ. ಇಂಜಿನಿಯರಿಂಗ್ ಓದುವವನಿಗೆ ಇದು ಬೇಡವೇ ಬೇಡ. ಬರೆಯುವವರಿಗೆ, ಟಿಪ್ಪಣಿ ಮಾಡುವವರಿಗೆ, ತಿರುಪು ಬಿಚ್ಚುವ ಚಟ ಇರುವವರಿಗೆ ಸರಿ. ಎಂಟು ಹತ್ತು ಸಾವಿರಕ್ಕೆ ಸಿಕ್ಕಿ, ಐಪಿಎಸ್ ಪರದೆಯೂ ಇದ್ದರೆ ತೆಗೆದುಕೊಳ್ಳಿ. ಅದಕ್ಕಿಂತ ಮೇಲೆ ಹೇಳಿದರೆ ಎದ್ದು ಬನ್ನಿ. ಎಕ್ಸ್230 ಅಪರೂಪದ ವಸ್ತು ಎಂದು ಅಂಗಡಿಯವರು ಕಥೆ ಹೇಳುತ್ತಾರೆ. ಅಪರೂಪವೇನಿಲ್ಲ, ರಾಶಿ ಬಿದ್ದಿದೆ.

ನಿನಗೆ ಎಕ್ಸ್280 ನೋಡು. 2018ರದು. 8ನೇ ತಲೆಮಾರಿನ ಪ್ರೊಸೆಸರ್ ಇದ್ದದ್ದನ್ನೇ ಆರಿಸು. ಟೈಪ್-ಸಿ ಚಾರ್ಜರ್, ಇದಕ್ಕಿಂತ ಹಗುರ. ಆದರೆ ಅದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿದ್ದಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಬ್ಯಾಟರಿಯೂ ಒಳಗೇ. ನನಗೆ ಅಂತಹ ಯಂತ್ರಗಳನ್ನು ಕಂಡರೆ ಆಗುವುದಿಲ್ಲ, ಬಿಚ್ಚಲು ಬಾರದ್ದು ನಮ್ಮದು ಹೇಗಾಗುತ್ತದೆ? ಎಸ್.ಪಿ. ರಸ್ತೆಗೆ ಹೋದಾಗ ಮೊದಲು ರ‍್ಯಾಮ್ ಎಷ್ಟಿದೆ ಕೇಳು. ಎಂಟು ಜಿಬಿ ಇದ್ದರೆ ಬಿಡು. ಹದಿನಾರು ಇದ್ದರೆ, ಪರದೆಯೂ ಚೆನ್ನಾಗಿದ್ದರೆ, ಎರಡು ಇದೆಯೇ ಎಂದು ವಿಚಾರಿಸು.