ಬಾಡಿಗೆ ಮನೆಯ ರಿಪೇರಿ: ಮೊದಲು ನೀರು, ಆಮೇಲೆ ಬಣ್ಣ

ಕೇಳುಗರಿಗೆ ನಮಸ್ಕಾರ. ಹಾಸನದ ವಿದ್ಯಾನಗರದಲ್ಲೋ ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲೋ ಬಾಡಿಗೆಗೆಂದು ಮನೆ ಕಟ್ಟಿಸಿರುತ್ತೀರಿ. ಮನೆ ಖಾಲಿಯಾದ ದಿನ ಬೀಗ ತೆಗೆದು ಒಳಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಮಾಸಿದ ಗೋಡೆ. ಕೂಡಲೇ ಪೇಂಟರ್‌ಗೆ ಫೋನು. ಖರ್ಚು ದಾರಿ ತಪ್ಪುವುದು ಅಲ್ಲೇ.

ನೀರು ಕುಡಿದ ಗೋಡೆಗೆ ಬಳಿದ ಬಣ್ಣ ಮುಂದಿನ ಆಷಾಢ ದಾಟುವುದಿಲ್ಲ. ತೇವ ಹೊರಬರುವಾಗ ಇಟ್ಟಿಗೆ, ಗಾರೆಯೊಳಗಿನ ಉಪ್ಪಿನಂಶವನ್ನೂ ಹೊತ್ತು ತರುತ್ತದೆ. ಬಿಳಿ ಪುಡಿ ಏಳುತ್ತದೆ, ಪುಟ್ಟಿ ಗುಳ್ಳೆಯೆದ್ದು ಉದುರುತ್ತದೆ. ಆದ್ದರಿಂದ ಚಾವಣಿ ಮೊದಲು, ಆಮೇಲೆ ಪೈಪು, ವೈರಿಂಗ್, ಗಾರೆ, ಬಣ್ಣ ಕಟ್ಟಕಡೆಗೆ. ಹೊಸ ಗಾರೆಗೆ ಏಳು ದಿನವಾದರೂ ನೀರುಣಿಸಿ, 28 ದಿನ ಒಣಗಲು ಬಿಟ್ಟು ಬಣ್ಣ ಹೊಡೆಸಿದರೆ ನಿಲ್ಲುತ್ತದೆ. ಒಂದು ತಿಂಗಳ ಬಾಡಿಗೆ ಹೋಯಿತಲ್ಲ ಅನ್ನಿಸಬಹುದು. ಎರಡು ಸಲ ಬಣ್ಣ ಹೊಡೆಸುವುದಕ್ಕಿಂತ ಅದು ಅಗ್ಗ.

ತಾರಸಿ ಎಲ್ಲಿ ಸೋರುತ್ತದೆ ಎಂದು ಊಹೆ ಮಾಡಬೇಡಿ. ನೀರು ಹೋಗುವ ಕಿಂಡಿಗಳನ್ನು ಮುಚ್ಚಿ, ಎರಡು ಇಂಚು ನೀರು ಕಟ್ಟಿ, ಒಂದು ಹಗಲು ಒಂದು ರಾತ್ರಿ ಬಿಡಿ. ಇದು ಆರ್‌ಸಿಸಿ ತಾರಸಿಗೆ ಮಾತ್ರ. ಮರದ ತೊಲೆಯ ಹಳೇ ಮಾಳಿಗೆಯ ಮೇಲೆ ಆ ಭಾರ ಹೇರಬೇಡಿ. ಕೆಳಗೆ ಕಲೆ ಮೂಡಿದ ಜಾಗದ ನೆತ್ತಿಯಲ್ಲೇ ತೂತು ಇರಬೇಕೆಂದಿಲ್ಲ, ನೀರು ಕಾಂಕ್ರೀಟಿನೊಳಗೆ ಹರಿದು ದೂರ ಬಂದು ತೊಟ್ಟಿಕ್ಕುತ್ತದೆ. ಬಹಳ ಸಲ ಕಳ್ಳ ಸಿಗುವುದು ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಲ್ಲಿ. ಅಲ್ಲಿ ಮೂರು ಇಂಚಿನ ಗಾರೆಯನ್ನು ಇಳಿಜಾರಾಗಿ ತುಂಬಿಸಿ. ಬಿರುಕಿನ ಮೇಲೆ ಬರೀ ಸಿಮೆಂಟು ನೀರು ಬಳಿದರೆ ಅದು ಬೇಸಿಗೆಯಲ್ಲಿ ಮತ್ತೆ ಬಾಯಿ ಬಿಡುತ್ತದೆ. ಉಳಿಯಿಂದ ಅಗಲಿಸಿ, ದೂಳು ತೆಗೆದು, ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ನೀರು ನಿಲ್ಲುವ ಕಡೆ ಹತ್ತು ಅಡಿಗೆ ಒಂದೂಕಾಲು ಇಂಚು ವಾಟ, ಅಂದರೆ ಇಳಿಜಾರು, ಕೊಡಿಸಿ. ಆಮೇಲೆ ವಾಟರ್‌ಪ್ರೂಫ್ ಬಣ್ಣ ಎರಡು ಕೋಟು; ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ.

ಅಕ್ರಿಲಿಕ್ ಬಣ್ಣವಾದರೆ ತಾರಸಿ ಪೂರ್ತಿ ಒಣಗಿರಬೇಕು. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬೀಳುತ್ತದೆ; ಕಾಫಿಗೆ ಒಳ್ಳೆಯದು, ಈ ಕೆಲಸಕ್ಕೆ ಅಲ್ಲ. ಅದಕ್ಕೂ ಮುಂಚೆ ಕಾಫಿ ಕೊಯ್ಲು ಮುಗಿಯುವವರೆಗೆ ಕೈಯಾಳುಗಳು ಸಿಗುವುದು ಕಷ್ಟ. ಉಳಿಯುವುದು ಫೆಬ್ರವರಿ. ಮೇ ತಿಂಗಳಲ್ಲಿ ಎಲ್ಲರೂ ಒಟ್ಟಿಗೆ ಮೇಸ್ತ್ರಿಯನ್ನು ಹುಡುಕುತ್ತಾರೆ, ಕೂಲಿಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಹೆಂಚಿನ ಮನೆಯಿದ್ದರೆ ಹೆಂಚಿಗಿಂತ ಮೊದಲು ಅದು ಕೂರುವ ಮರದ ಪಟ್ಟಿ, ಅಂದರೆ ರೀಪುಗಳಿಗೆ ಗೆದ್ದಲು ಹತ್ತಿದೆಯೇ ನೋಡಿ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರದ್ದಕ್ಕೆ ಸರಿಯಾಗಿ ಕೂರದೆ ಇರಬಹುದು, ಹಾಗಾಗಿ ಹಳೇ ಹೆಂಚು ಐವತ್ತಾದರೂ ಹಿತ್ತಲಲ್ಲಿ ಎತ್ತಿಡಿ.

ಬಣ್ಣದ ಲೆಕ್ಕ ನೀವೇ ಹಾಕಬಹುದು. 10 ಅಡಿಗೆ 12 ಅಡಿಯ ಕೋಣೆ, ಎತ್ತರ 10 ಅಡಿ. ಸುತ್ತಳತೆ 44, ಗೋಡೆ 440 ಚದರ ಅಡಿ. ಬಾಗಿಲು, ಕಿಟಕಿಗೆ 40 ಕಳೆದು ಮೇಲ್ಭಾಗದ 120 ಸೇರಿಸಿದರೆ 520. ಒಳ್ಳೆಯ ಎಮಲ್ಷನ್ ಲೀಟರಿಗೆ ಎರಡು ಕೋಟಿನಲ್ಲಿ ಸುಮಾರು 130 ಚದರ ಅಡಿ ಬರುತ್ತದೆ, ಅಂದರೆ ನಾಲ್ಕು ಲೀಟರ್. ಪೇಂಟರ್ ಏಳು ಲೀಟರ್ ಬೇಕೆಂದರೆ ಏಕೆಂದು ಕೇಳಿ. ಕೂಲಿಯ ಅಳತೆಯಲ್ಲಿ ಬಾಗಿಲು, ಕಿಟಕಿಯ ಜಾಗ ಕಳೆಯುತ್ತಾರೋ ಇಲ್ಲವೋ ಎಂಬುದನ್ನೂ ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಳ್ಳಿ.

ಗುತ್ತಿಗೆ ಕೊಟ್ಟರೆ ಹಣ ಕಂತಿನಲ್ಲಿರಲಿ. ತಾರಸಿ ಕೆಲಸದ ಕೊನೆಯ ಹತ್ತನೇ ಒಂದು ಪಾಲನ್ನು ಮೊದಲ ಜೋರು ಮಳೆ ಆದಮೇಲೆ ಕೊಡುವುದಾಗಿ ಬರೆದುಕೊಳ್ಳಿ. ಒಪ್ಪದ ಮೇಸ್ತ್ರಿಗೆ ತನ್ನ ಕೆಲಸದ ಮೇಲೆ ನಂಬಿಕೆ ಇಲ್ಲವೆಂದೇ ಅರ್ಥ.

ಬಾಡಿಗೆ ಕರಾರಿನಲ್ಲಿ ನಲ್ಲಿ ವಾಷರ್, ಸ್ವಿಚ್ಚು, ಒಡೆದ ಗಾಜು ಬಾಡಿಗೆದಾರರದು. ಚಾವಣಿ, ಗೋಡೆಯೊಳಗಿನ ಪೈಪು, ವೈರಿಂಗ್ ಮಾಲೀಕರದು ಎಂದು ಬಿಡಿಸಿ ಬರೆಸಿ. ತಿಂಗಳ ಬಾಡಿಗೆ ಬರುವ ಮನೆಗೆ ವರ್ಷಕ್ಕೆ ಒಂದು ತಿಂಗಳ ಬಾಡಿಗೆಯನ್ನು ರಿಪೇರಿಗೆಂದು ಪ್ರತ್ಯೇಕ ಖಾತೆಯಲ್ಲಿಡಿ. ಭೋಗ್ಯಕ್ಕೆ ಕೊಟ್ಟವರು ಇನ್ನೂ ಹುಷಾರಾಗಿರಬೇಕು. ಇಡಗಂಟು ಬೇರೆಲ್ಲೋ ಖರ್ಚಾಗಿರುತ್ತದೆ, ತಿಂಗಳ ವರಮಾನ ಇರುವುದಿಲ್ಲ, ಸೋರುವ ಮನೆ ಮಾತ್ರ ನಿಮ್ಮದೇ.

ಇನ್ನು ಆದಾಯ ತೆರಿಗೆ. ತಿಂಗಳಿಗೆ 12,000 ಬಾಡಿಗೆಯೆಂದರೆ ವರ್ಷಕ್ಕೆ 1,44,000. ನೀವು ಕಟ್ಟಿದ ಮನೆ ಕಂದಾಯ 4,000 ಕಳೆದರೆ 1,40,000. ಅದರಲ್ಲಿ ಶೇಕಡಾ 30, ಅಂದರೆ 42,000 ರೂಪಾಯಿ, ತೆರಿಗೆ ಬೀಳುವ ವರಮಾನದಿಂದ ತಾನಾಗಿ ಕಡಿತವಾಗುತ್ತದೆ. ರಿಪೇರಿಗೆ ಹತ್ತು ಸಾವಿರ ಹಾಕಿದರೂ ಅಷ್ಟೇ, ಎಂಬತ್ತು ಸಾವಿರ ಹಾಕಿದರೂ ಅಷ್ಟೇ. ಆದರೆ ಹೊಸ ಕೋಣೆ, ಹೊಸ ಬಚ್ಚಲು, ಹೆಂಚು ತೆಗೆದು ಆರ್‌ಸಿಸಿ ಹಾಕಿಸಿದ್ದು ರಿಪೇರಿಯಲ್ಲ, ಸುಧಾರಣೆ. ಮುಂದೆ ಮನೆ ಮಾರುವಾಗ ಲಾಭದ ಲೆಕ್ಕದಲ್ಲಿ ಆ ಖರ್ಚನ್ನು ಕಳೆಯಬಹುದು, ಅದಕ್ಕೆ ಬಿಲ್ಲು ಬೇಕು. ಅಂಗಡಿಯವರು ಮಿಷನ್ನಿನಿಂದ ಹರಿದು ಕೊಡುವ ನುಣುಪು ಕಾಗದದ ಬಿಲ್ಲಿನ ಅಕ್ಷರ ಕೆಲವೇ ವರ್ಷಗಳಲ್ಲಿ ಮಾಸಿಹೋಗುತ್ತದೆ. ತಂದ ದಿನವೇ ಜೆರಾಕ್ಸ್ ಮಾಡಿಸಿ, ಮನೆ ಪತ್ರಗಳ ಜೊತೆ ಇಡಿ. ನಮಸ್ಕಾರ.