ಒಂಬತ್ತು ಅಡಿ ತೊಲೆ, ಎರಡು ಬೆಂಚು

ನಮಸ್ಕಾರ್ರಿ ಎಲ್ಲರಿಗೂ. ಈಗ ನಿಮಗೆ ಕಾಣುತ್ತಿರುವುದು ನಮ್ಮ ಕಾಕಾನ ದನದ ಕೊಟ್ಟಿಗೆ. ಆ ಮೂಲೆಯಲ್ಲಿ, ಕಣಿಕೆ ಸಿವುಡುಗಳ ಕೆಳಗೆ, ಉದ್ದಕ್ಕೆ ಬಿದ್ದಿದೆಯಲ್ಲ, ಅದನ್ನೇ ನೋಡಿ. ಸಾಗವಾನಿ ತೊಲೆ. ಒಂಬತ್ತು ಅಡಿ ಉದ್ದ, ಏಳು ಇಂಚು ಅಗಲ, ಏಳು ಇಂಚು ದಪ್ಪ. ಹಳೆ ಬಾಗಲಕೋಟೆಯ ನಮ್ಮ ಮನೆಯ ಪಡಸಾಲೆಯ ಮೇಲೆ ಇತ್ತು ಇದು. ನನ್ನ ತೊಟ್ಟಿಲು ಕಟ್ಟಿದ್ದೂ ಇದಕ್ಕೇ ಅಂತ ಅವ್ವ ಹೇಳುತ್ತಾಳೆ.

ಬಾಗಲಕೋಟೆಯವರಿಗೆ ಈ ಕಥೆ ಗೊತ್ತು. ಬೇರೆ ಊರಿನವರಿಗಾಗಿ ಎರಡು ಮಾತು. ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನೀರನ್ನು ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರಕ್ಕೆ ನಿಲ್ಲಿಸುವುದು ಅಂತಾದಾಗ, ಹಿನ್ನೀರು ಘಟಪ್ರಭೆಯ ಗುಂಟ ನಮ್ಮ ಓಣಿಗೇ ಬಂತು. ಜನ ನವನಗರಕ್ಕೆ ಬಂದರು. ಬರುವ ಮುಂಚೆ ಮನೆ ಬಿಚ್ಚಿದರು. ಮಣ್ಣು ಅಲ್ಲೇ ಉಳಿಯಿತು. ತೊಲೆ, ಅದರ ಮೇಲೆ ಅಡ್ಡ ಕೂರುವ ಜಂತಿ, ಕಂಬ, ಬಾಗಿಲ ಚೌಕಟ್ಟು ಗಾಡಿ ಏರಿದವು. ಆದರೆ ಹೊಸ ಮನೆಗೆ ಸ್ಲ್ಯಾಬ್ ಬಿತ್ತು. ಸ್ಲ್ಯಾಬಿನ ಮನೆಯಲ್ಲಿ ತೊಲೆಗೆ ಏನು ಕೆಲಸ? ಕೆಲವರು ಮಾರಿದರು. ಕೆಲವರ ಮನೆಯಲ್ಲಿ ಅದು ನೀರೊಲೆಗೆ ಹೋದದ್ದನ್ನು ನಾನೇ ನೋಡಿದ್ದೇನೆ. ನಮ್ಮ ಕಾಕಾ ಮಾತ್ರ ಇದರ ಮೇಲೆ ಇಪ್ಪತ್ತು ವರ್ಷ ಕಣಿಕೆ ಒಟ್ಟಿದ.

ನನಗೆ ಇದು ನೆನಪಾಗಿದ್ದು ಒಂದು ಟೇಬಲ್ ಹಾಳಾದಾಗ. ಮೂರು ವರ್ಷದ ಹಿಂದೆ ಕಂಪ್ಯೂಟರ್ ಟೇಬಲ್ ತಂದಿದ್ದೆ. ನೋಡಲು ಚಂದ, ಬೆಲೆಯೂ ಕಡಿಮೆ. ನೆಲ ಒರೆಸುವ ನೀರು ತಾಗಿ ತಾಗಿ ಅದರ ಕಾಲು ರೊಟ್ಟಿಯ ಹಾಗೆ ಉಬ್ಬಿತು. ಬಡಿಗೇರ ಅಜ್ಜನಿಗೆ ತೋರಿಸಿದೆ. "ಇದಕ್ಕ ಮೊಳಿ ಹಿಡಿಯಂಗಿಲ್ಲವ್ವಾ, ಪುಡಿ ಉದರತೈತಿ" ಅಂದರು. ಹೌದು, ಅದು ಕಟ್ಟಿಗೆಯ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಅಂಥ ಹಲಗೆಗಳಲ್ಲಿ ಜಾಸ್ತಿ ಬಳಸುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಅಂಟಿನಿಂದ ಹೊರಬರುವ ಈ ಅನಿಲವನ್ನು ಕಡಿಮೆ ಬಿಡುವ ಹಲಗೆಗಳೂ ಸಿಗುತ್ತವೆ, ನಿಜ. ನಾನು ತಂದದ್ದು ಯಾವುದು ಅಂತ ಕೇಳಿರಲಿಲ್ಲ. ಕೇಳಬೇಕಿತ್ತು.

ಈಗ ಅಜ್ಜನ ಅಂಗಳಕ್ಕೆ ಬಂದಿದ್ದೇವೆ. ತೊಲೆ ನೋಡಿದ ಕೂಡಲೇ ಅಜ್ಜ ಹೇಳಿದ ಮೊದಲ ಮಾತು, "ಮೊದಲ ಮೊಳಿ ತಗೀರಿ. ಇಲ್ಲಂದ್ರ ನನ್ನ ಗರಗಸದ ಹಲ್ಲ ಹೋಗ್ತಾವ." ಒಂದಿಡೀ ದಿನ ಮೊಳೆ ಕಿತ್ತೆವು. ಮೊಳೆ ಇದ್ದ ಕಡೆ ಕಪ್ಪು ಕಲೆ ಕಾಣುತ್ತಿದೆ ನೋಡಿ. ಕಟ್ಟಿಗೆಯಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶಕ್ಕೆ ಕಬ್ಬಿಣ ತಾಗಿದರೆ ಹೀಗೆ ಕಪ್ಪಾಗುತ್ತದೆ. ಅಜ್ಜ ಅದನ್ನೆಲ್ಲ ರಂದಾ ಹೊಡೆದು ತೆಗೆಯುತ್ತೇನೆ ಅಂದರು. "ಬ್ಯಾಡ್ರಿ ಅಜ್ಜಾರ, ಇರಲಿ" ಅಂದೆ. ಕಲೆ ಹೋಗಬೇಕಾದರೆ ಕಾಲಿಂಚು ಕಟ್ಟಿಗೆ ಹೋಗುತ್ತದೆ. ನನಗೆ ಆ ಕಾಲಿಂಚು ಬೇಕಿತ್ತು.

ಯಾಕೆ ಅಂದರೆ ಲೆಕ್ಕ ಅಷ್ಟು ಬಿಗಿಯಾಗಿತ್ತು. ಮೊದಲು ನಾನು ಕಾಗದದ ಮೇಲೆ ಒಂದು ದೊಡ್ಡ ಸೋಫಾ ಬರೆದುಕೊಂಡು ಹೋಗಿದ್ದೆ. ಅದಕ್ಕೆ ಇನ್ನೂ ಒಂದು ತೊಲೆಯಷ್ಟು ಹೊಸ ಕಟ್ಟಿಗೆ ಬೇಕು ಅಂದರು ಅಜ್ಜ. ಆ ಕಾಗದ ಮಡಚಿಟ್ಟೆ. ತೊಲೆಯ ಪಕ್ಕದಲ್ಲೇ ಕುಳಿತು, ಇದರಲ್ಲಿ ಏನು ಬರುತ್ತದೆ ಅಂತ ನೋಡಿದೆವು. ಉದ್ದಕ್ಕೆ ಸೀಳಿದರೆ ನಾಲ್ಕು ಪಟ್ಟಿ. ಒಂದೊಂದೂ ನೂರಾ ಎಂಟು ಇಂಚು. ಅದರಲ್ಲಿ ಅರವತ್ತೊಂಬತ್ತು ಇಂಚು ಬೆಂಚಿನ ಉದ್ದಕ್ಕೆ. ಉಳಿದದ್ದು ಮೂವತ್ತೊಂಬತ್ತು. ಅದರಲ್ಲಿ ಹದಿನಾರು ಇಂಚಿನ ಕಾಲು ಎರಡು. ನಾಲ್ಕು ಪಟ್ಟಿಗೆ ಎಂಟು ಕಾಲು. ಅಂದರೆ ಎರಡು ಬೆಂಚು! ಉಳಿದ ತುಂಡುಗಳು ಬೆಣೆಗೆ. ಅಡ್ಡಪಟ್ಟಿಗೆ ಹಳೆ ಜಂತಿಗಳೇ ಸಾಕಾದವು.

ಇನ್ನೊಂದು ವಿಷಯ ಹೇಳಲೇಬೇಕು. ತೊಲೆಯ ಮೇಲ್ಮೈಯಲ್ಲಿ ಜಂತಿ ಕೂರಿಸಲು ಕೊಟ್ಟ ಕಚ್ಚುಗಳಿದ್ದವು, ಹದಿನೈದು ಇಂಚಿಗೊಂದು. ಅದನ್ನು ಮುಚ್ಚಬೇಕು ಅಂತ ನಾನು ಅಂದುಕೊಂಡಿದ್ದೆ. ಅಜ್ಜ ಒಂದು ಜಂತಿ ತುಂಡು ತಂದು ಆ ಕಚ್ಚಿನಲ್ಲಿ ಇಟ್ಟರು. ಸರಿಯಾಗಿ ಕೂತಿತು. ಕೂರಲೇಬೇಕಲ್ವಾ, ಎರಡೂ ಒಂದೇ ಮಾಳಿಗೆಯವು. ಹಾಗಾಗಿ ಬೆಂಚಿನ ಒಂದು ಕಡೆ ನಮ್ಮ ಮುತ್ತಜ್ಜನ ಕಾಲದ ಕಚ್ಚು, ಎದುರಿನ ಪಟ್ಟಿಯಲ್ಲಿ ಅದೇ ಅಳತೆಗೆ ಅಜ್ಜ ಉಳಿಯಲ್ಲಿ ಹೊಸದಾಗಿ ತೆಗೆದ ಕಚ್ಚು. ಕ್ಯಾಮೆರಾ ಹತ್ತಿರ ಒಯ್ಯುತ್ತೇನೆ, ಬಣ್ಣದಲ್ಲೇ ವ್ಯತ್ಯಾಸ ಕಾಣುತ್ತದೆ. ಒಂದು ಕಂದು, ಇನ್ನೊಂದು ಇನ್ನೂ ಹೊನ್ನಿನ ಬಣ್ಣ.

ಕಾಲುಗಳಿಗೆ ಮೊಳೆ ಇಲ್ಲ, ಅಂಟೂ ಇಲ್ಲ. ಕಾಲಿನ ತುದಿ ತೆಳುವಾಗಿ ಕೆತ್ತಿ, ಪಟ್ಟಿಯ ಚೌಕ ತೂತಿನಲ್ಲಿ ಇಳಿಸಿ, ಬೆಣೆ ಬಡಿದಿದ್ದಾರೆ. ಬೆಣೆ ತೆಗೆದರೆ ಇಡೀ ಬೆಂಚು ಬಿಚ್ಚಿ ಬರುತ್ತದೆ. ಒಂದು ಕಾಲು ಹೋದರೆ ಆ ಕಾಲು ಮಾತ್ರ ಬದಲಿಸಬಹುದು. ಊರು ಬಿಡುವಾಗ ಮನೆಯನ್ನೇ ಬಿಚ್ಚಿ ಒಯ್ದವರು ನಾವು. ನಮ್ಮ ಕುರ್ಚಿ, ಬೆಂಚುಗಳೂ ಬಿಚ್ಚುವಂತೆ ಇರಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ.

ಪರಿಸರಕ್ಕೆ ಇದರಿಂದ ಏನಾಯಿತು ಅಂತ ಕೇಳಬಹುದು. ಒಂದು ಅಂದಾಜು ಹಾಕಿದೆ. ಈ ತೊಲೆ ಸುಮಾರು ಮೂರು ಘನ ಅಡಿ. ಒಣಗಿದ ಸಾಗವಾನಿ ಅಷ್ಟಕ್ಕೆ ಐವತ್ತೈದು ಕಿಲೋ ಹತ್ತಿರ ತೂಗುತ್ತದೆ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಲೆಗೆ ಹಾಕಿದ್ದರೆ ಆ ಇಂಗಾಲ ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಂಡು ನೂರು ಕಿಲೋದಷ್ಟು ಕಾರ್ಬನ್ ಡೈಆಕ್ಸೈಡ್ ಆಗಿ ಹೊಗೆಯ ಜೊತೆ ಹೋಗುತ್ತಿತ್ತು. ಈಗ ಅದು ನಮ್ಮ ಹೊರಗಿನ ಕೋಣೆಯಲ್ಲಿ ಕುಳಿತಿದೆ. ಇದಕ್ಕಾಗಿ ಹೊಸ ಮರವನ್ನೂ ಕಡಿಯಲಿಲ್ಲ.

ಕೂರುವ ಜಾಗಕ್ಕೆ ಹಗ್ಗ ಹೆಣೆಯಬೇಕಿತ್ತು, ಹೊರಸಿಗೆ ಹೆಣೆಯುತ್ತಾರಲ್ಲ, ಹಾಗೆ. ಪೇಟೆಯಲ್ಲಿ ಎಲ್ಲಿ ಕೇಳಿದರೂ ನೈಲಾನ್. ಕೊನೆಗೆ ಬಾದಾಮಿ ಕಡೆ ಇರುವ ಅತ್ತೆಗೆ ಫೋನ್ ಮಾಡಿದೆ. ಅವರು ಇನ್ನೂ ಜೋಳದ ಹೊಲದ ಅಂಚಿಗೆ ಪುಂಡಿ ಹಾಕುತ್ತಾರೆ. ಪುಂಡಿ ಅಂದರೆ ಪಲ್ಯದ ಪುಂಡಿಯೇ. ಎಲೆ ನಮ್ಮ ರೊಟ್ಟಿಗೆ, ಸಿಪ್ಪೆ ಹಗ್ಗಕ್ಕೆ. ದಂಟನ್ನು ಎರಡು ವಾರದಂತೆ ನೀರಲ್ಲಿ ಕೊಳೆಹಾಕಿದರೆ ನಾರು ಬಿಡಿಸಿಕೊಂಡು ಬರುತ್ತದೆ. ಆ ವಾಸನೆ ಮಾತ್ರ ಭಾರಿ! ಮಾಮಾ ಕೂತು ಹೊಸೆದು ಕೊಟ್ಟ ಹಗ್ಗ ಇದು. ಅದಕ್ಕೆ ಕೂಲಿ ಕೊಟ್ಟೆ. ಮನೆಯವರು ಅಂತ ಸುಮ್ನೆ ತರುವುದು ನನಗೆ ಸರಿ ಕಾಣಲಿಲ್ಲ. ನಾಲ್ಕು ದಿನದ ಕೆಲಸ ಅದು.

ಮೇಲೆ ಹಾಸಿರುವುದು ಅವ್ವ ಹೊಲಿದ ಕೌದಿ. ಹಳೆ ಇಳಕಲ್ ಸೀರೆಗಳದ್ದು. ನಡುವೆ ಕೆಂಪು ಸೆರಗಿನ ತೆನೆ ಕಾಣುತ್ತಿದೆಯಲ್ಲ, ಅದು ಅಜ್ಜಿಯ ಸೀರೆ.

ಕಟ್ಟಿಗೆಗೆ ಹಚ್ಚಿದ್ದು ಅಗಸೆ ಎಣ್ಣೆ, ಅದರಲ್ಲಿ ಸ್ವಲ್ಪ ಜೇನುಮೇಣ ಕರಗಿಸಿದ್ದು. ತೆಳುವಾಗಿ ಹಚ್ಚಿ, ಒರೆಸಿ, ಒಣಗಲು ಬಿಡಬೇಕು. ನೀವೂ ಮಾಡುವುದಾದರೆ ಒಂದು ಎಚ್ಚರಿಕೆ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿ ಹೀರಿ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ನಿಂತು ತಾನಾಗಿಯೇ ಬೆಂಕಿ ಹತ್ತಬಹುದು. ಅರಿವೆಯನ್ನು ಬಿಡಿಸಿ ಹೊರಗೆ ಹರವಿ ಒಣಗಿಸಿ.

ಹಳೆ ಬಾಗಿಲೂ ಇದೆ. ಅದನ್ನು ಮಾತ್ರ ನಾನು ಇನ್ನೂ ಮುಟ್ಟಿಲ್ಲ. ಅದಕ್ಕೆ ದಪ್ಪ ಹಸಿರು ಪೇಂಟ್ ಇದೆ. ಹಳೆ ಪೇಂಟ್‌ಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ನಮ್ಮಲ್ಲಿ ಮನೆಯ ಪೇಂಟ್‌ನ ಸೀಸಕ್ಕೆ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗದ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದನ್ನು ಒಣಗಿದ್ದಂತೆಯೇ ಉಜ್ಜಿದರೆ ಪುಡಿ ಮಕ್ಕಳ ಹೊಟ್ಟೆಗೆ ಹೋಗುತ್ತದೆ. ಅಂಥ ಬಾಗಿಲು ನಿಮ್ಮಲ್ಲಿದ್ದರೆ ದಯವಿಟ್ಟು ಮನೆಯೊಳಗೆ ಉಜ್ಜಬೇಡಿ.

2010ರಲ್ಲಿ, ಕೃಷ್ಣಾ ನದಿಯ ನೀರು ಹಂಚಲು ನೇಮಿಸಿದ ಎರಡನೇ ನ್ಯಾಯಮಂಡಳಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿತು. ನೀರು ಅಷ್ಟು ಏರಿದ ದಿನ ಇನ್ನೂ ಎಷ್ಟೋ ಮನೆ ಬಿಚ್ಚಬೇಕಾಗುತ್ತದೆ. ಆ ನೋವನ್ನು ಯಾವ ಬೆಂಚೂ ಕಡಿಮೆ ಮಾಡುವುದಿಲ್ಲ. ಆದರೆ ಆಗ ಹೊರಬರುವ ತೊಲೆಗಳನ್ನು ಒಲೆಗೆ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಹತ್ತಿರದ ಬಡಿಗೇರರನ್ನು ಒಮ್ಮೆ ಕರೆಸಿ ತೋರಿಸಿ.

ಈಗ ಮನೆಗೆ ಬಂದೆವು. ಹಗಲಲ್ಲಿ ಬೆಂಚುಗಳು ಎರಡು ಗೋಡೆಗೆ ಬೇರೆ ಬೇರೆ. ರಾತ್ರಿ ಬೀಗರು ಉಳಿದರೆ ಜೋಡಿಸುತ್ತೇವೆ. ಹದಿನೆಂಟು ಇಂಚು ಎರಡು ಸೇರಿ ಮೂರಡಿ ಅಗಲದ ಹೊರಸು. ತಿಂಗಳೊಳಗೆ ಹಗ್ಗ ಸ್ವಲ್ಪ ಜೋಲಿತು. ಅಜ್ಜನಿಗೆ ಫೋನ್ ಮಾಡಿದೆ. "ಹೊಸ ಹಗ್ಗ ಹಂಗ ಜೋಲತೈತಿ. ಕಾಲ್ಗಡೆ ಗಂಟ ಬಿಚ್ಚಿ, ಒಂದೊಂದ ಎಳಿ ಜಗ್ಗಕೋಂತ ಹೋಗವ್ವಾ" ಅಂದರು. ಮೊನ್ನೆ ಭಾನುವಾರ ನಾನೇ ಬಿಗಿದೆ. ಅವ್ವ ಒಂದು ತುದಿ ಹಿಡಿದಿದ್ದಳು. ಅರ್ಧ ತಾಸು ಹಿಡಿಯಿತು.