ಐವಿ ಬಳ್ಳಿ ನೆಟ್ಟವನು ಯಾರ ಕಡೆಯವನು?

ಎಲ್ಲರಿಗೂ ನಮಸ್ಕಾರ. ನಮ್ಮ ಷಿಕಾಗೋದಲ್ಲಿ ಬೇಸ್‌ಬಾಲ್ ತಂಡ ಎರಡು, ವೈಟ್ ಸಾಕ್ಸ್ ಮತ್ತು ಕಬ್ಸ್. ನಾನು ವೈಟ್ ಸಾಕ್ಸ್ ಕಡೆಯವನು ಅಂತ ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಸಾಲಿನಲ್ಲಿ ಕಬ್ಸ್ ಜೆರ್ಸಿ ಹಾಕಿಕೊಂಡು ಕೂತವರು ಎದ್ದು ಹೋಗಬೇಡಿ, ಊಟಕ್ಕೆ ಇನ್ನೂ ಟೈಮ್ ಇದೆ.

ಮುಂದಿನ ವಾರ ಎರಡೂ ತಂಡಗಳು ಎದುರುಬದುರಾಗುತ್ತವೆ. "ಎರಡರ ಬಗ್ಗೆಯೂ ಸಮವಾಗಿ ಮಾತಾಡಿ" ಅಂದರು ಕೂಟದವರು. ಷಿಕಾಗೋದಲ್ಲಿ ಇದ್ದುಕೊಂಡು ಅದು ಆಗುವ ಕೆಲಸವಾ, ನೀವೇ ಹೇಳಿ!

ನನ್ನ ವಾದ ಇಷ್ಟೇ. ಕಬ್ಸ್ ಊರಿನ ಮುದ್ದಿನ ಮಗ ಆಗಿದ್ದು ಆಟದಿಂದಲ್ಲ. ಟಿವಿಯಿಂದ, ಆಮೇಲೆ ಮೈದಾನದಿಂದ.

ಆಟದ ಲೆಕ್ಕ ಬೇಕಾದರೆ 1906ಕ್ಕೆ ಬನ್ನಿ. ಇಬ್ಬರೂ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಎರಡು ಲೀಗ್ ಗೆದ್ದವರ ನಡುವಿನ ಫೈನಲ್‌ನಲ್ಲಿ, ಎದುರಾಗಿದ್ದು ಅದೊಂದೇ ಸಲ. ಆ ವರ್ಷ ಕಬ್ಸ್ 116 ಪಂದ್ಯ ಗೆದ್ದಿತ್ತು. ಸಾಕ್ಸ್ ಬ್ಯಾಟಿಂಗ್ ಎಷ್ಟು ಸಪ್ಪೆ ಅಂದರೆ 'ಹಿಟ್‌ಲೆಸ್ ವಂಡರ್ಸ್' ಅಂತಲೇ ಹೆಸರು. ಗೆದ್ದವರು ಯಾರು? ಸಾಕ್ಸ್, 4-2. 2005ರಲ್ಲಿ ಹ್ಯೂಸ್ಟನ್‌ಗೆ 4-0 ಬಾರಿಸಿ 88 ವರ್ಷದ ಬರ ನೀಗಿಸಿದರು. ಊರಾಚೆ ಯಾರಿಗೆ ನೆನಪಿದೆ? 2016ರಲ್ಲಿ ಕಬ್ಸ್ 108 ವರ್ಷದ ನಂತರ ಗೆದ್ದಾಗ ಬೇಸ್‌ಬಾಲ್ ಗೊತ್ತಿಲ್ಲದವರೂ ಕಣ್ಣೊರೆಸಿಕೊಂಡರು. 88 ವರ್ಷದ ಹಸಿವು ಹಸಿವಲ್ಲವೇ?

ಈಗ ಬಿಲ್ ವೀಕ್ ಕಥೆಗೆ ಬರುತ್ತೇನೆ. ಇದನ್ನು ಹೇಳದೆ ನಾನು ವೇದಿಕೆ ಇಳಿಯೋನಲ್ಲ. ಇವರ ತಂದೆ ಕಬ್ಸ್ ತಂಡದ ಅಧ್ಯಕ್ಷರಾಗಿದ್ದರು. ಮಗನೂ ಅಲ್ಲೇ ಕೆಲಸಕ್ಕೆ ಸೇರಿದ. 1937ರಲ್ಲಿ ಕಬ್ಸ್ ಮೈದಾನ ರಿಗ್ಲಿ ಫೀಲ್ಡ್‌ನ ಇಟ್ಟಿಗೆ ಗೋಡೆಗೆ ಐವಿ ಬಳ್ಳಿ ಹಬ್ಬಿಸಿದ್ದು ಇದೇ ಹುಡುಗ. ಇವತ್ತಿಗೂ ಚೆಂಡು ಆ ಎಲೆಗಳೊಳಗೆ ಸಿಕ್ಕಿಕೊಂಡರೆ ಫೀಲ್ಡರ್ ಹುಡುಕುವುದಿಲ್ಲ. ಎರಡೂ ಕೈ ಮೇಲೆತ್ತಿ ನಿಂತುಬಿಡುತ್ತಾನೆ. ಹೊಡೆದವನಿಗೆ ಎರಡು ಬೇಸ್, ಅಷ್ಟೇ. ಎಲೆಯೊಳಗೆ ಕೈ ಹಾಕಿದರೋ, ಆ ರಿಯಾಯಿತಿ ಹೋಯಿತು, ಓಡುವವನು ಓಡುತ್ತಲೇ ಇರಬಹುದು.

ಅದೇ ವೀಕ್ ಮುಂದೆ ಸಾಕ್ಸ್ ತಂಡವನ್ನೇ ಕೊಂಡರು. ಒಂದಲ್ಲ, ಎರಡು ಸಲ. 1976ರ ಸುಮಾರಿನ ಮಾತು. ಸಾಕ್ಸ್ ಕಾಮೆಂಟರಿ ಹೇಳುತ್ತಿದ್ದ ಹ್ಯಾರಿ ಕ್ಯಾರಿಗೆ ಏಳನೇ ಇನ್ನಿಂಗ್ಸ್ ಬಿಡುವಿನಲ್ಲಿ 'ಟೇಕ್ ಮಿ ಔಟ್ ಟು ದ ಬಾಲ್ ಗೇಮ್' ಅಂತ ತನ್ನಷ್ಟಕ್ಕೆ ತಾನೇ ಹಾಡಿಕೊಳ್ಳುವ ಅಭ್ಯಾಸ. ಶ್ರುತಿಗೂ ಅವರಿಗೂ ದೂರ. ವೀಕ್ ಹೇಳದೆ ಕೇಳದೆ ಮೈಕ್ ಆನ್ ಮಾಡಿಸಿಬಿಟ್ಟರಂತೆ. ಯಾಕಯ್ಯಾ ಅಂತ ಕೇಳಿದರೆ, "ನಿಮ್ಮ ಹಾಡು ಕೇಳಿದ ಪ್ರತಿಯೊಬ್ಬನಿಗೂ ನಾನೇ ವಾಸಿ ಅನ್ನಿಸುತ್ತದೆ, ಜೊತೆಗೆ ಹಾಡುತ್ತಾನೆ" ಅನ್ನೋ ಅರ್ಥದ ಉತ್ತರ ಬಂತಂತೆ. ನಮ್ಮ ಕೂಟದ ಸಮೂಹ ಗಾಯನದ ಗುಟ್ಟೂ ಇದೇ ಇರಬೇಕು. ಹಾಡುವವರು ಸಿಟ್ಟಾಗಬೇಡಿ.

ಈಗ ರಿಗ್ಲಿಗೆ ಹೋದರೆ ಆ ಹಾಡಿಗೆ ಇಡೀ ಮೈದಾನ ಎದ್ದು ನಿಲ್ಲುತ್ತದೆ. ಕ್ಯಾರಿ ಕಬ್ಸ್‌ನವರೇ ಅಂತ ಎಲ್ಲರೂ ತಿಳಿದಿದ್ದಾರೆ. ಹಾಡು ಹೋಗಿದ್ದು ನಮ್ಮ ಕಡೆಯಿಂದ, ಸ್ವಾಮಿ! ಬಳ್ಳಿ ನೆಟ್ಟವನೂ ನಮ್ಮ ಓನರ್ ಆದವನು.

ಹಾಡು ಹೋಗಿದ್ದು ಹೇಗೆ? ಮತ್ತೆ ಟಿವಿಗೆ ಬಂದೆ. 1981ರಲ್ಲಿ ಸಾಕ್ಸ್ ಕೈ ಬದಲಾಯಿತು. ಹೊಸ ಮಾಲೀಕರು ಪಂದ್ಯಗಳನ್ನು ದುಡ್ಡು ಕಟ್ಟಿ ನೋಡುವ ಚಾನೆಲ್‌ಗೆ ಒಯ್ದರು. ನೋಡುವವರು ಕಡಿಮೆಯಾಗುತ್ತಾರೆ ಅಂತ ಕ್ಯಾರಿ 1982ಕ್ಕೆ ಕಬ್ಸ್ ಸೇರಿದರು. ಕಬ್ಸ್ ಪಂದ್ಯ ಬರುತ್ತಿದ್ದ ಡಬ್ಲ್ಯೂಜಿಎನ್ ಆಗ ಕೇಬಲ್‌ನಲ್ಲಿ ದೇಶದ ಮೂಲೆಮೂಲೆಗೂ ಹೋಗುತ್ತಿತ್ತು. ರಿಗ್ಲಿಯಲ್ಲಿ 1988ರ ಆಗಸ್ಟ್‌ವರೆಗೂ ಲೈಟೇ ಇರಲಿಲ್ಲ, ಹಗಲಲ್ಲೇ ಆಟ. ಸ್ಕೂಲಿಂದ ಬಂದ ಮಕ್ಕಳು ಬ್ಯಾಗ್ ಬಿಸಾಕಿ ಟಿವಿ ಹಾಕಿದರೆ ಕಬ್ಸ್! ಷಿಕಾಗೋ ಕಾಣದ ಊರುಗಳಲ್ಲೂ ಅಭಿಮಾನಿಗಳು ಹುಟ್ಟಿದರು. ತಂಡ ಸೋಲುತ್ತಲೇ ಇತ್ತು, ಅದು ಬೇರೆ ವಿಷಯ.

ಇನ್ನು ಮೈದಾನ. 1914ರ ರಿಗ್ಲಿ ಮನೆಗಳ ನಡುವೆ ಇದೆ, ಅಕ್ಕಪಕ್ಕದ ಮಹಡಿ ಮೇಲೂ ಸೀಟು. ಸಾಕ್ಸ್‌ನ ಕಾಮಿಸ್ಕಿ ಪಾರ್ಕ್ ಅದಕ್ಕಿಂತ ಹಳೆಯದು, 1910ರದು. 1990ರ ಸೀಸನ್ ಮುಗಿದ ಮೇಲೆ ಅದನ್ನು ಕೆಡವಿದರು. ರಸ್ತೆಯಾಚೆ ಹೊಸದು ಕಟ್ಟಿ, ಹಳೆಯದರ ಜಾಗದಲ್ಲಿ ಕಾರು ನಿಲ್ಲಿಸಿದರು. ಇದಕ್ಕೆ ಮಾತ್ರ ಕಬ್ಸ್‌ನವರನ್ನು ಬೈಯುವ ಹಾಗಿಲ್ಲ.

ಚೀಟಿ ಬಂತು. ಐದು ನಿಮಿಷವಂತೆ. ದುಡ್ಡಿಗಾಗಿ ವರ್ಲ್ಡ್ ಸೀರೀಸ್ ಬಿಟ್ಟುಕೊಟ್ಟ ಸಾಕ್ಸ್‌ನ 1919ರ ಮೋಸ, ಎಂಟು ಆಟಗಾರರ ಬಹಿಷ್ಕಾರ, ಎಲ್ಲ ನಿಮಗೆ ಗೊತ್ತಿರೋದೇ, ಬಿಟ್ಟೆ. ಮೇಕೆಯನ್ನು ಮೈದಾನದಿಂದ ಹೊರಗೆ ಹಾಕಿದ್ದಕ್ಕೆ ತಟ್ಟಿತು ಅನ್ನುವ ಕಬ್ಸ್‌ನವರ ಮೇಕೆ ಶಾಪವನ್ನಂತೂ ಸಂತೋಷವಾಗಿ ಬಿಟ್ಟೆ. 1959 ಮಾತ್ರ ಬಿಡಲ್ಲ. ಸಾಕ್ಸ್ 40 ವರ್ಷದ ಮೇಲೆ ತಮ್ಮ ಲೀಗ್ ಗೆದ್ದು ವರ್ಲ್ಡ್ ಸೀರೀಸ್‌ಗೆ ಹೋದ ರಾತ್ರಿ ಫೈರ್ ಕಮಿಷನರ್ ಊರಿನ ವಾಯುದಾಳಿ ಸೈರನ್ನೇ ಊದಿಸಿದರು. ಶೀತಲ ಸಮರದ ಕಾಲ. ರಷ್ಯಾ ಬಾಂಬ್ ಹಾಕಿತು ಅಂತ ಜನ ನೆಲಮಾಳಿಗೆಗೆ ಓಡಿದರು. ಕ್ರುಶ್ಚೇವ್ ಆಗ ಅಮೆರಿಕದಲ್ಲೇ ಪ್ರವಾಸದಲ್ಲಿದ್ದರು, ಪಾಪ!

ಹಾಂ, 2024ರ ಬಗ್ಗೆ ಯಾರೋ ಕೂಗಿದರು. ಹೌದು, 121 ಪಂದ್ಯ ಸೋತೆವು. ಒಪ್ಪಿದೆ. ಮರು ವರ್ಷವೇ ನಮ್ಮ ಸಾಕ್ಸ್ ಅಭಿಮಾನಿಯೊಬ್ಬರು ಪೋಪ್ ಆದರು, ಹದಿನಾಲ್ಕನೇ ಲಿಯೋ, ಅದನ್ನೂ ಬರೆದುಕೊಳ್ಳಿ.

ಮುಂದಿನ ವಾರದ ಪಂದ್ಯ ಊರಿನ ದಕ್ಷಿಣದಲ್ಲಿ, ಸಾಕ್ಸ್ ಮೈದಾನದಲ್ಲಿ. ರೆಡ್ ಲೈನ್ ರೈಲು ಹತ್ತಿ. ರಿಗ್ಲಿ ಇರುವ ಆಡಿಸನ್‌ನಲ್ಲಿ ಇಳಿಯಬೇಡಿ, ಸಾಕ್ಸ್-35 ತನಕ ಬನ್ನಿ. ಹಳೆ ಕಾಮಿಸ್ಕಿಯಲ್ಲಿ ಬ್ಯಾಟ್ ಬೀಸುವ ಜಾಗ, ಅಂದರೆ ಹೋಮ್ ಪ್ಲೇಟ್, ಇದ್ದ ಕಡೆ ಪಾರ್ಕಿಂಗ್ ಜಾಗದಲ್ಲಿ ಒಂದು ಕಲ್ಲು ಹಾಕಿದ್ದಾರೆ, ಮಕ್ಕಳಿಗೆ ತೋರಿಸಿ. ಕಬ್ಸ್ ಟೋಪಿ ಹಾಕಿಕೊಂಡು ಬಂದರೂ ಒಳಗೆ ಬಿಡುತ್ತಾರೆ.